ವಸಂತದ ಕೊನೆಯಲ್ಲಿ ತರಕಾರಿ ತೋಟ: ಯಾವುದನ್ನು ಬಿತ್ತುವುದು, ಯಾವುದಕ್ಕೆ ಸಸಿ ತರುವುದು

ವಸಂತ ಶುರುವಾದಾಗಲೇ ಬೀಜ ಹಾಕಬೇಕಿತ್ತು, ಈಗ ತಡವಾಯ್ತು, ಮುಂದಿನ ವರ್ಷ ನೋಡೋಣ ಅಂತ ಕೈಬಿಡುವವರು ತುಂಬಾ ಜನ. ಕೈಬಿಡುವ ಅಗತ್ಯವಿಲ್ಲ. ತಡವಾಗಿ ಶುರು ಮಾಡುವವರಿಗೆ ಬೆಚ್ಚಗಿನ ಮಣ್ಣು ಸಿಗುತ್ತದೆ. ಬೀನ್ಸ್, ಸೌತೆ, ಬೆಂಡೆ, ಕುಂಬಳ ಇವಕ್ಕೆ ತಣ್ಣನೆಯ ಮಣ್ಣು ಆಗುವುದೇ ಇಲ್ಲ. ಅವಸರಪಟ್ಟು ಮೊದಲೇ ಬಿತ್ತಿದ ಬೀಜ ತಂಪು ಮಣ್ಣಿನ ತೇವದಲ್ಲಿ ಕೊಳೆತು ಹೋಗುವುದುಂಟು. ಅದೇ ಬೀಜ ಮಣ್ಣು ಕಾದ ಮೇಲೆ ವಾರದ ಆಸುಪಾಸಿನಲ್ಲಿ ಮೊಳೆತು ನಿಲ್ಲುತ್ತದೆ. ಮುಂಚೆ ಬಿತ್ತಿದ ಬಳ್ಳಿಯನ್ನು ಎಷ್ಟೋ ಸಲ ಹಿಂದೆ ಹಾಕುತ್ತದೆ.

ಆದರೆ ಎಲ್ಲ ತರಕಾರಿಗೂ ಈ ಮಾತು ನಡೆಯುವುದಿಲ್ಲ. ಟೊಮೆಟೊ, ಬದನೆ, ಮೆಣಸಿನಕಾಯಿ ಬೀಜದಿಂದ ಕಾಯಿಗೆ ಬರಲು ಹೆಚ್ಚುಕಡಿಮೆ ನಾಲ್ಕು ತಿಂಗಳು ಬೇಕು. ಇನ್ನು ಕೆಲವು ತರಕಾರಿಗಳ ಕಾಲ ಆಗಲೇ ಮುಗಿದಿರುತ್ತದೆ. ಹಾಗಾಗಿ ಗುದ್ದಲಿ ಹಿಡಿಯುವ ಮೊದಲು ಕೂತು ಒಂದು ಪಟ್ಟಿ ಮಾಡಬೇಕು: ಯಾವುದನ್ನು ನೇರವಾಗಿ ಬಿತ್ತುವುದು, ಯಾವುದಕ್ಕೆ ಸಸಿ ತರುವುದು, ಯಾವುದನ್ನು ಸದ್ಯಕ್ಕೆ ಬಿಡುವುದು. ತಡವಾದ ತೋಟ ಗೆಲ್ಲುವುದು ಸೋಲುವುದು ಈ ಪಟ್ಟಿಯಲ್ಲೇ.

ಮೊದಲು ದಿನ ಎಣಿಸಿ

ನಿಮ್ಮ ಕಡೆ ತರಕಾರಿಯ ಕಾಲ ಯಾವಾಗ ಮುಗಿಯುತ್ತದೆ ನೋಡಿ. ಕೆಲವು ಕಡೆ ಅದನ್ನು ಮುಗಿಸುವುದು ಇಬ್ಬನಿ ಹೆಪ್ಪುಗಟ್ಟುವ ಚಳಿ. ಕೆಲವು ಕಡೆ ಉರಿಬಿಸಿಲು, ಮತ್ತೆ ಕೆಲವು ಕಡೆ ಬಿಡದೆ ಸುರಿಯುವ ಮಳೆ. ಯಾವುದೇ ಇರಲಿ, ಇವತ್ತಿನಿಂದ ಅಲ್ಲಿಯವರೆಗೆ ಎಷ್ಟು ದಿನ ಉಳಿದಿದೆ ಅಂತ ಲೆಕ್ಕ ಹಾಕಿ.

ಆಮೇಲೆ ಬೀಜದ ಪೊಟ್ಟಣ ಓದಿ. ಅದರ ಮೇಲೆ ‘60 ದಿನ’, ‘75 ದಿನ’ ಅಂತ ಬರೆದಿರುತ್ತದೆ. ತುಂಬಾ ಜನ ಎಡವುವುದು ಇಲ್ಲೇ. ನೇರವಾಗಿ ಬಿತ್ತುವ ಬೀನ್ಸ್, ಸೌತೆ, ಮೂಲಂಗಿಗೆ ಆ ದಿನ ಬಿತ್ತನೆಯಿಂದ ಲೆಕ್ಕ. ಟೊಮೆಟೊ, ಬದನೆ, ಮೆಣಸಿನಕಾಯಿಗೆ ಸಾಮಾನ್ಯವಾಗಿ ಸಸಿಯನ್ನು ಮಡಿಗೆ ನೆಟ್ಟ ದಿನದಿಂದ ಲೆಕ್ಕ. ಅಂದರೆ ‘70 ದಿನ’ದ ಟೊಮೆಟೊ ಬೀಜ ತಂದರೆ ಅದಕ್ಕೆ ಸಸಿಯಾಗುವ 6ರಿಂದ 8 ವಾರ ಬೇರೆ ಸೇರಿಸಬೇಕು. ಒಟ್ಟು 110ರಿಂದ 125 ದಿನ. ಅದೂ ಮೊದಲ ಹಣ್ಣಿಗೆ ಮಾತ್ರ. ಒಂದು ಹಣ್ಣು ಕಿತ್ತು ಗಿಡ ಮುಗಿದರೆ ಯಾರಿಗೆ ಸಮಾಧಾನ? ಕೊಯ್ಲಿಗೆ ಇನ್ನೂ ಮೂರು ನಾಲ್ಕು ವಾರ ಇಟ್ಟುಕೊಳ್ಳಬೇಕು. ಕಾಯಿ ಕಟ್ಟುವ ಹೊತ್ತಿಗೆ ಹಗಲು ಕಿರಿದಾಗಿ ತಂಪು ಏರುವ ಊರುಗಳಲ್ಲಿ ಮತ್ತೆರಡು ವಾರ ಸೇರಿಸಿ, ಏಕೆಂದರೆ ಗಿಡ ಆಗ ನಿಧಾನವಾಗುತ್ತದೆ.

ಒಂದು ಉದಾಹರಣೆ ನೋಡೋಣ. ನಿಮ್ಮ ಹತ್ತಿರ 110 ದಿನ ಉಳಿದಿದೆ ಅಂದುಕೊಳ್ಳಿ. 55 ದಿನದ ಗಿಡ್ಡ ಬೀನ್ಸ್ ಅನ್ನು ಈಗ ಒಮ್ಮೆ, ಮೂರು ವಾರ ಬಿಟ್ಟು ಇನ್ನೊಮ್ಮೆ ಬಿತ್ತಬಹುದು. 60 ದಿನದ ಸೌತೆ ಆರಾಮಾಗಿ ಬರುತ್ತದೆ. ಟೊಮೆಟೊ ಬೀಜ ಬಿತ್ತಿದರೆ ಕೆಲಸ ಕೆಡುತ್ತದೆ. ಅದೇ ಟೊಮೆಟೊ ಸಸಿ ತಂದು ನೆಟ್ಟರೆ 70ನೇ ದಿನದಿಂದ ಕೊಯ್ಲು ಶುರುವಾಗಿ, ಮೇಲೆ 40 ದಿನ ಕೈಯಲ್ಲಿರುತ್ತದೆ. ಕಾಗದದ ಮೇಲೆ ಐದು ನಿಮಿಷದ ಲೆಕ್ಕ, ಅಷ್ಟೇ.

ಒಂದೇ ತರಕಾರಿಯಲ್ಲೂ ಬೇಗ ಬರುವ ತಳಿ, ನಿಧಾನದ ತಳಿ ಇರುತ್ತವೆ. ತಡವಾದಾಗ ಬೇಗದ್ದನ್ನೇ ಹಿಡಿಯಿರಿ. ಟೊಮೆಟೊದಲ್ಲಿ ದೊಡ್ಡ ಹಣ್ಣಿನ ತಳಿಗಿಂತ ಚೆರಿ ಟೊಮೆಟೊ ಬೇಗ ಹಣ್ಣಾಗುತ್ತದೆ. ಬಳ್ಳಿಯಾಗಿ ಹಬ್ಬುತ್ತಾ ಹೋಗುವ ಜಾತಿಗಿಂತ ಗಿಡ್ಡಗೆ ನಿಂತು ಒಂದೇ ಸಲಕ್ಕೆ ಕಾಯಿ ಬಿಡುವ ಜಾತಿ ಕಡಿಮೆ ಕಾಲಕ್ಕೆ ಒಗ್ಗುತ್ತದೆ.

ಬೀಜವೋ, ಸಸಿಯೋ?

ನೇರವಾಗಿ ಬಿತ್ತಬೇಕಾದವು: ಬೀನ್ಸ್, ಅಲಸಂದೆ, ಬೆಂಡೆ, ಸೌತೆ, ಕುಂಬಳ, ಹೀರೆ, ಹಾಗಲ, ಸೋರೆ, ಸಿಹಿ ಜೋಳ, ಹರಿವೆ, ಮೂಲಂಗಿ. ಬಳ್ಳಿ ತರಕಾರಿಗಳ ಬೇರು ನಾಜೂಕು. ಸಸಿ ಕಿತ್ತು ನೆಡುವಾಗ ಬೇರು ಅಲುಗಿದರೆ ಒಂದೆರಡು ವಾರ ಮುನಿಸಿಕೊಂಡು ಕೂರುತ್ತವೆ. ಅಷ್ಟರಲ್ಲಿ ನೇರ ಬಿತ್ತಿದ ಬೀಜವೇ ಅವನ್ನು ದಾಟಿರುತ್ತದೆ. ಮೂಲಂಗಿ, ಕ್ಯಾರೆಟ್ ಥರದ ಗೆಡ್ಡೆಗಳನ್ನಂತೂ ಕಿತ್ತು ನೆಡಲೇಬಾರದು, ಗೆಡ್ಡೆ ಕವಲೊಡೆದು ಸೊಟ್ಟಗಾಗುತ್ತದೆ. ಅವುಗಳ ಸಸಿ ಟ್ರೇಯಲ್ಲಿ ಮಾರಾಟಕ್ಕಿದ್ದರೂ ತರಬೇಡಿ.

ಸಸಿಯನ್ನೇ ತರಬೇಕಾದವು: ಟೊಮೆಟೊ, ಬದನೆ, ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ. ಮೆಣಸಿನ ಬೀಜ ಮೊಳೆಯಲು ಎರಡು ವಾರ ತೆಗೆದುಕೊಳ್ಳುವುದು ಮಾಮೂಲು. ಆಮೇಲೆ ನೆಡುವಷ್ಟು ಸಸಿಯಾಗಲು ಇನ್ನೂ ಎರಡು ತಿಂಗಳು. ತಡವಾದವರಿಗೆ ಅಷ್ಟು ಪುರುಸೊತ್ತು ಇಲ್ಲ.

ಸದ್ಯಕ್ಕೆ ಬಿಡಬೇಕಾದವು: ಬಟಾಣಿ, ಎಲೆಕೋಸು, ಹೂಕೋಸು, ಲೆಟಿಸ್, ಸ್ಪಿನಾಚ್. ಇವೆಲ್ಲ ತಂಪಿನ ಬೆಳೆಗಳು. ಸ್ಪಿನಾಚ್ ಹಗಲು ಉದ್ದವಾಗುತ್ತಿದ್ದಂತೆ ಎಲೆ ಬಿಡುವುದನ್ನು ನಿಲ್ಲಿಸಿ ಹೂವಿನ ದಂಟು ಎತ್ತುತ್ತದೆ, ನೀವು ಎಷ್ಟೇ ನೀರು ಹಾಕಿ. ಲೆಟಿಸ್ ಬೀಜಕ್ಕೆ ಮಣ್ಣು 30 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ನಿದ್ದೆ, ಮೊಳೆಯುವುದೇ ಇಲ್ಲ. ಬೀಜ ಕೆಟ್ಟಿದೆ ಅಂತ ಅಂಗಡಿಯವರನ್ನು ಬೈಯುವ ಮೊದಲು ಇದನ್ನು ನೆನಪಿಡಿ. ಸೊಪ್ಪು ಬೇಕೇ ಬೇಕು ಅನ್ನುವವರಿಗೆ ಹರಿವೆ, ಬಸಳೆ ಇವೆ. ಎರಡಕ್ಕೂ ಬಿಸಿಲೆಂದರೆ ಇಷ್ಟ. ಹರಿವೆ 25ರಿಂದ 30 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಬಸಳೆಗೆ ಬೀಜವೂ ಬೇಡ, ಸಸಿಯೂ ಬೇಡ. ಬಲಿತ ದಂಟಿನ ಗೇಣುದ್ದ ತುಂಡು ಊರಿ ತೇವ ಇಟ್ಟರೆ ಬೇರು ಬಿಡುತ್ತದೆ. ಪುದೀನವೂ ಹಾಗೇ.

ತಂಪಿನ ಬೆಳೆಗಳನ್ನು ಪೂರ್ತಿ ಮರೆಯಬೇಕಿಲ್ಲ. ಬೇಸಿಗೆ ಇಳಿಯುವ ಹೊತ್ತಿಗೆ ಅವುಗಳ ಸರದಿ ಮತ್ತೆ ಬರುತ್ತದೆ. ಆಗ ಖಾಲಿಯಾಗುವ ಒಂದು ಮೂಲೆಯನ್ನು ಈಗಲೇ ಗುರುತು ಮಾಡಿಟ್ಟರೆ ಸಾಕು.

ಜಾಗ ಮತ್ತು ಮಣ್ಣು

ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೇಕು. ಸೊಪ್ಪಿಗೆ ನಾಲ್ಕು ಗಂಟೆ ಇದ್ದರೂ ನಡೆಯುತ್ತದೆ. ಮರದ ಎಲೆ ಪೂರ್ತಿ ಬಂದ ಮೇಲೆ ನೆರಳು ಎಲ್ಲಿ ಬೀಳುತ್ತದೆ ಅಂತ ನೋಡಿ ಜಾಗ ಆರಿಸಿ. ತಡವಾಗಿ ಶುರು ಮಾಡುವವರಿಗೆ ಇದೂ ಒಂದು ಅನುಕೂಲ, ಎಲೆ ಆಗಲೇ ಬಂದಿರುತ್ತದೆ. ತುಂಬಾ ಸುಡುವ ಕಡೆ ಮಧ್ಯಾಹ್ನ ಮೂರರ ಮೇಲೆ ಸ್ವಲ್ಪ ನೆರಳು ಬೀಳುವ ಜಾಗ ಒಳ್ಳೆಯದು.

ಮಡಿ ಚಿಕ್ಕದಿರಲಿ. ಒಂದು ಮೀಟರ್ ಅಗಲ, ಮೂರು ಮೀಟರ್ ಉದ್ದ ಸಾಕು. ಅಗಲ 1.2 ಮೀಟರ್ ದಾಟಿದರೆ ಎರಡೂ ಕಡೆಯಿಂದ ಕೈ ನಡುವಿಗೆ ಮುಟ್ಟುವುದಿಲ್ಲ, ಮಡಿ ತುಳಿಯಬೇಕಾಗುತ್ತದೆ. ಬೇಸಿಗೆಯಲ್ಲಿ ನೀರು, ಕಳೆ, ಕೊಯ್ಲು ಮೂರೂ ಒಟ್ಟಿಗೆ ಬಂದಾಗ ದೊಡ್ಡ ಮಡಿ ಹೊರೆ ಅನಿಸಿಬಿಡುತ್ತದೆ.

ಮಣ್ಣನ್ನು ಹದ ನೋಡಿ ಅಗೆಯಿರಿ. ಒಂದು ಹಿಡಿ ತೆಗೆದು ಅದುಮಿ. ಉಂಡೆಯಾಗಿ, ಬೆರಳು ತಾಗಿಸಿದರೆ ಉದುರಿದರೆ ಹದವಾಗಿದೆ. ಜಿಗುಟಾಗಿ ಅಂಟಿಕೊಂಡರೆ ಇನ್ನೆರಡು ದಿನ ಆರಲಿ. ಒದ್ದೆ ಜೇಡಿಯನ್ನು ಅಗೆದರೆ ಅದು ಇಟ್ಟಿಗೆಯಾಗಿ ಕೂರುತ್ತದೆ, ಆ ವರ್ಷವಿಡೀ ಅದರೊಂದಿಗೆ ಗುದ್ದಾಟ. ಹದವಾದಾಗ 20ರಿಂದ 25 ಸೆಂಟಿಮೀಟರ್ ಆಳಕ್ಕೆ ಸಡಿಲ ಮಾಡಿ, ಬೇರಿನ ಕಳೆ ಆರಿಸಿ ತೆಗೆಯಿರಿ. ಮೇಲೆ 5 ಸೆಂಟಿಮೀಟರ್ ದಪ್ಪ ಚೆನ್ನಾಗಿ ಕಳಿತ ಗೊಬ್ಬರ ಹರಡಿ ಮೇಲುಮಣ್ಣಿನಲ್ಲಿ ಬೆರೆಸಿ. ಕಳಿತಿದೆಯೋ ಇಲ್ಲವೋ ಮೂಗು ಹೇಳುತ್ತದೆ. ಕಾಡಿನ ಮಣ್ಣಿನ ವಾಸನೆ ಬಂದರೆ ಸರಿ, ಸಗಣಿ ಅಥವಾ ಕೊಳೆತ ವಾಸನೆ ಬಂದರೆ ಇನ್ನೂ ಹಸಿ. ಹಸಿ ಗೊಬ್ಬರ ಬೇರು ಸುಡುತ್ತದೆ, ತಿನ್ನುವ ತರಕಾರಿಗೆ ರೋಗಾಣುವೂ ಅಂಟಬಹುದು.

ಹುಲ್ಲು ಬೆಳೆದ ಜಾಗವಾಗಿದ್ದು ಅಗೆಯಲು ಸಮಯವಿಲ್ಲವೇ? ಹುಲ್ಲನ್ನು ಬುಡಕ್ಕೆ ಕತ್ತರಿಸಿ. ಮೇಲೆ ಟೇಪು, ಪ್ಲಾಸ್ಟಿಕ್ ಕಿತ್ತ ರಟ್ಟು ಹಾಸಿ ಪೂರ್ತಿ ನೆನೆಸಿ. ಅಂಚುಗಳು ಒಂದರ ಮೇಲೊಂದು ಗೇಣಷ್ಟು ಬರಲಿ. ಅದರ ಮೇಲೆ 15 ಸೆಂಟಿಮೀಟರ್‌ನಷ್ಟು ಗೊಬ್ಬರ ಬೆರೆತ ಮಣ್ಣು ಹಾಕಿ. ಟೊಮೆಟೊ, ಕುಂಬಳದಂಥ ಗಿಡಗಳನ್ನು ಅದೇ ದಿನ ನೆಡಬಹುದು, ನೆಡುವ ಜಾಗದಲ್ಲಿ ರಟ್ಟಿಗೆ ತೂತು ಮಾಡಿದರಾಯ್ತು. ಗೆಡ್ಡೆ ತರಕಾರಿಗೆ ಮಾತ್ರ ಈ ಉಪಾಯ ಬೇಡ.

ಕುಂಡದಲ್ಲಿ ಬೆಳೆಸುವವರು ಗಾತ್ರದಲ್ಲಿ ಕಂಜೂಸಿ ಮಾಡಬಾರದು. ಒಂದು ಟೊಮೆಟೊ ಗಿಡಕ್ಕೆ 20 ಲೀಟರ್, ಮೆಣಸಿನ ಗಿಡಕ್ಕೆ 10ರಿಂದ 12 ಲೀಟರ್, ಸೊಪ್ಪಿಗೆ ಒಂದು ಗೇಣು ಆಳ ಬೇಕು. ಚಿಕ್ಕ ಕುಂಡ ಬೇಸಿಗೆಯಲ್ಲಿ ಅರ್ಧ ದಿನಕ್ಕೇ ಒಣಗುತ್ತದೆ. ಬರೀ ತೋಟದ ಮಣ್ಣು ತುಂಬಿದರೆ ಗಟ್ಟಿಯಾಗುತ್ತದೆ. ಅದಕ್ಕೆ ಗೊಬ್ಬರ, ಕೋಕೊಪೀಟ್ (ತೆಂಗಿನ ನಾರಿನ ಪುಡಿ) ಸೇರಿಸಿ.

ಸಸಿ ಆರಿಸುವುದು

ನರ್ಸರಿಗೆ ಹೋದರೆ ಕಣ್ಣು ಮೊದಲು ಬೀಳುವುದು ಎತ್ತರದ, ಹೂ ಬಿಟ್ಟ, ಆಗಲೇ ಒಂದು ಕಾಯಿ ತೂಗುತ್ತಿರುವ ಸಸಿಯ ಮೇಲೆ. ಅದನ್ನು ಬಿಡಿ. ಚಿಕ್ಕ ಕಪ್ಪಿನಲ್ಲಿ ಕಾಯಿ ಬಿಟ್ಟ ಗಿಡ ಅಂದರೆ ಬೇರಿಗೆ ಜಾಗವಿಲ್ಲದೆ ಕಷ್ಟದಲ್ಲಿರುವ ಗಿಡ. ಮಡಿಗೆ ಹೋದ ಮೇಲೂ ಅದು ಬೇರು ಬಿಡುವುದಕ್ಕಿಂತ ಆ ಕಾಯಿ ಸಾಕುವುದರಲ್ಲೇ ಇರುತ್ತದೆ. ಅದರ ಪಕ್ಕದಲ್ಲಿ ಗೇಣುದ್ದ, ದಪ್ಪ ಕಾಂಡದ, ಗಾಢ ಹಸಿರಿನ, ಹೂವಿಲ್ಲದ ಸಸಿ ಇರುತ್ತದೆ ನೋಡಿ, ಅದು ಬೇಕು.

ಎಲೆಯ ಕೆಳಭಾಗ ತಿರುಗಿಸಿ ನೋಡಿ. ಗಿಡಹೇನು, ಬಿಳಿನೊಣ ಅಲ್ಲೇ ಅಡಗಿರುವುದು. ಕಪ್ಪನ್ನು ಮೆಲ್ಲಗೆ ಕಳಚಿ ಬೇರು ನೋಡಿ. ಬೆಳ್ಳಗಿದ್ದು ಮಣ್ಣನ್ನು ಹಿಡಿದುಕೊಂಡಿದ್ದರೆ ಒಳ್ಳೆಯದು. ಕಂದಾಗಿದ್ದು ವಾಸನೆ ಬಂದರೆ ವಾಪಸ್ ಇಡಿ. ಸುತ್ತಿ ಸುತ್ತಿ ಸಿಂಬಿಯಾಗಿದ್ದರೆ ತರಬಹುದು, ಆದರೆ ನೆಡುವಾಗ ಬೆರಳಿನಿಂದ ಬೇರನ್ನು ಅಲ್ಲಲ್ಲಿ ಬಿಡಿಸಬೇಕು. ಇಲ್ಲದಿದ್ದರೆ ಮಡಿಯಲ್ಲೂ ಅದು ಸುತ್ತುತ್ತಲೇ ಇರುತ್ತದೆ.

ಕಾಲದ ಕೊನೆಯಲ್ಲಿ ಹೋದಾಗ ನೀಳವಾಗಿ ಬಳುಕುವ ಸಸಿಗಳೇ ಉಳಿದಿರುವುದೂ ಉಂಟು. ಟೊಮೆಟೊ ಆಗಿದ್ದರೆ ಚಿಂತೆಯಿಲ್ಲ. ಟೊಮೆಟೊ ಕಾಂಡದ ಯಾವ ಭಾಗ ಮಣ್ಣಿಗೆ ತಾಗಿದರೂ ಅಲ್ಲಿ ಬೇರು ಬಿಡುತ್ತದೆ. ಕೆಳಗಿನ ಎಲೆ ಕಿತ್ತು, ಮೇಲಿನ ನಾಲ್ಕೈದು ಎಲೆ ಮಾತ್ರ ಹೊರಗಿರುವಂತೆ ಆಳಕ್ಕೆ ಅಥವಾ ಕಾಲುವೆ ತೆಗೆದು ಅಡ್ಡಡ್ಡ ಮಲಗಿಸಿ ನೆಡಿ. ಕಸಿ ಮಾಡಿದ ಸಸಿಯಾದರೆ ಮಾತ್ರ ಕಸಿಯ ಗಂಟು ಮಣ್ಣಿನ ಮೇಲೆಯೇ ಇರಬೇಕು. ಬದನೆ, ಮೆಣಸಿನಕಾಯಿಯನ್ನು ಕಪ್ಪಿನಲ್ಲಿ ಎಷ್ಟು ಆಳ ಇತ್ತೋ ಹೆಚ್ಚುಕಡಿಮೆ ಅಷ್ಟೇ ಆಳಕ್ಕೆ ನೆಡಿ.

ಹಸಿರು ಮನೆಯೊಳಗೆ ಅಥವಾ ಕಿಟಕಿ ಪಕ್ಕ ಬೆಳೆದ ಸಸಿಯಾಗಿದ್ದರೆ ನೇರ ಬಿಸಿಲಿಗೆ ಇಟ್ಟ ಮೊದಲ ದಿನವೇ ಎಲೆ ಬೆಳ್ಳಗೆ ಸುಟ್ಟು ಹೋಗುತ್ತದೆ. ಅದನ್ನು ಹೊರಗಿನ ಗಾಳಿ ಬಿಸಿಲಿಗೆ ಒಗ್ಗಿಸಲು 7ರಿಂದ 10 ದಿನ ಬೇಕು. ಮೊದಲ ದಿನ ನೆರಳಿನಲ್ಲಿ ಒಂದೆರಡು ಗಂಟೆ, ದಿನದಿನಕ್ಕೂ ಸ್ವಲ್ಪ ಜಾಸ್ತಿ, ಕೊನೆಯ ಎರಡು ದಿನ ರಾತ್ರಿಯೂ ಹೊರಗೆ. ಎಷ್ಟೇ ಅವಸರವಿದ್ದರೂ ಈ ವಾರ ಉಳಿಸಲು ಹೋಗಬೇಡಿ. ನರ್ಸರಿಯಲ್ಲೇ ಬಯಲಿನಲ್ಲಿ ಇಟ್ಟಿದ್ದ ಸಸಿಗೆ ಇದರ ಅಗತ್ಯವಿಲ್ಲ, ಕೇಳಿ ತಿಳಿದುಕೊಳ್ಳಿ.

ನೆಡುವ ದಿನ

ಸಂಜೆ ನೆಡಿ, ಅಥವಾ ಮೋಡ ಕವಿದ ದಿನ ನೋಡಿಕೊಳ್ಳಿ. ಬೆಳಗ್ಗೆ ನೆಟ್ಟ ಸಸಿ ಬೇರು ಊರುವ ಮೊದಲೇ ಮಧ್ಯಾಹ್ನದ ಬಿಸಿಲನ್ನು ಎದುರಿಸಬೇಕಾಗುತ್ತದೆ. ಸಂಜೆ ನೆಟ್ಟದ್ದಕ್ಕೆ ಒಂದು ಇಡೀ ರಾತ್ರಿ ಸಿಗುತ್ತದೆ. ಕೆಲಸದ ಕ್ರಮ ಹೀಗಿರಲಿ:

1. ನೆಡುವ ಒಂದು ಗಂಟೆ ಮೊದಲು ಕಪ್ಪಿನಲ್ಲಿರುವ ಸಸಿಗೆ ಚೆನ್ನಾಗಿ ನೀರು ಕುಡಿಸಿ.
2. ಗುಣಿ ತೆಗೆದು ಮೊದಲು ಗುಣಿಗೇ ನೀರು ತುಂಬಿಸಿ, ಅದು ಇಂಗಲಿ. ಕಾದ ಮಣ್ಣಿನಲ್ಲಿ ಈ ಕೆಲಸ ಬಿಟ್ಟರೆ ಸುತ್ತಲಿನ ಒಣ ಮಣ್ಣು ಬೇರಿನ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ.
3. ಹೂ, ಕಾಯಿ ಇದ್ದರೆ ಚಿವುಟಿ. ಮನಸ್ಸು ಬರುವುದಿಲ್ಲ, ಆದರೂ ಚಿವುಟಿ.
4. ಬೇರಿನ ಮಣ್ಣು ಒಡೆಯದಂತೆ ಇಳಿಸಿ, ಸುತ್ತ ಮಣ್ಣು ಹಾಕಿ, ಬೆರಳಿನಿಂದ ಮೆಲ್ಲಗೆ ಅದುಮಿ, ಮತ್ತೆ ನೀರು ಕೊಡಿ.
5. ಆಸರೆ ಕೋಲನ್ನು ಈಗಲೇ ನೆಡಿ. ತಿಂಗಳು ಕಳೆದು ನೆಟ್ಟರೆ ಬೇರು ಕತ್ತರಿಸುತ್ತದೆ.

ಅಂತರ ಟೊಮೆಟೊ, ಬದನೆಗೆ 60 ಸೆಂಟಿಮೀಟರ್, ಮೆಣಸಿನಕಾಯಿಗೆ 45. ಸಸಿ ಚಿಕ್ಕದಾಗಿದ್ದಾಗ ಮಡಿ ಖಾಲಿ ಖಾಲಿ ಕಾಣುತ್ತದೆ, ನಡುವೆ ಇನ್ನೆರಡು ತುರುಕೋಣ ಅನಿಸುತ್ತದೆ. ಬೇಡ. ಆ ಸಂದಿಯಲ್ಲಿ ಮೂಲಂಗಿ ಅಥವಾ ಹರಿವೆ ಎರಚಿ. ದೊಡ್ಡ ಗಿಡ ಹರಡುವಷ್ಟರಲ್ಲಿ ಅವು ಕೊಯ್ಲಾಗಿರುತ್ತವೆ.

ರಾತ್ರೋರಾತ್ರಿ ಸಸಿಯನ್ನು ಬುಡದಲ್ಲೇ ಕತ್ತರಿಸಿ ಬೀಳಿಸುವ ಹುಳು ಕೆಲವು ಮಣ್ಣಿನಲ್ಲಿರುತ್ತದೆ. ಪೇಪರ್ ಕಪ್ಪಿನ ತಳ ಕತ್ತರಿಸಿ ಬಳೆ ಮಾಡಿ, ಸಸಿಯ ಸುತ್ತ 2ರಿಂದ 3 ಸೆಂಟಿಮೀಟರ್ ಮಣ್ಣಿಗೆ ಇಳಿಯುವಂತೆ ಇಟ್ಟರೆ ಅದು ಕಾಂಡಕ್ಕೆ ಸುತ್ತಿಕೊಳ್ಳಲಾಗದು.

ಮೊದಲ ಮೂರು ನಾಲ್ಕು ದಿನ ಮಧ್ಯಾಹ್ನದ ಹೊತ್ತು ತೆಳು ಬಟ್ಟೆಯ ಅಥವಾ ಎಲೆಯ ಕೊಂಬೆಯ ನೆರಳು ಕೊಡಿ. ಮಧ್ಯಾಹ್ನ ಎಲೆ ಜೋತು ಬಿದ್ದು ಸಂಜೆಗೆ ಎದ್ದು ನಿಂತರೆ ಗಾಬರಿ ಬೇಡ. ಬೆಳಗ್ಗೆಯೂ ಜೋತೇ ಇದ್ದರೆ ಬೇರಿಗೆ ನೀರು ಸಾಲುತ್ತಿಲ್ಲ, ಅಥವಾ ವಿಪರೀತ ನೀರಿನಿಂದ ಬೇರು ಕೊಳೆಯುತ್ತಿದೆ. ಬೆರಳು ಇಳಿಸಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ಬಿತ್ತುವ ದಿನ

ಮಣ್ಣಿನ ಬಿಸಿ ತಿಳಿಯಲು ಬೆಳಗ್ಗೆ 5 ಸೆಂಟಿಮೀಟರ್ ಆಳದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ಬೀನ್ಸ್‌ಗೆ 16 ಡಿಗ್ರಿ ದಾಟಿದ್ದರೆ ಸಾಕು. ಸೌತೆ, ಕುಂಬಳ, ಬೆಂಡೆಗೆ 20 ದಾಟಿರಬೇಕು, 25ರಿಂದ 30 ಇದ್ದರೆ ಇನ್ನೂ ಚೆನ್ನ. ವಸಂತದ ಕೊನೆಗೆ ಇದು ಸಾಮಾನ್ಯವಾಗಿ ಬಂದೇ ಇರುತ್ತದೆ.

ಈಗ ಬೀಜದ ಶತ್ರು ತಂಪಲ್ಲ, ಒಣಗು. ಬೀಜ ನೀರು ಕುಡಿದು ಬಾಯಿ ಬಿಟ್ಟ ಮೇಲೆ ಒಂದು ಸಲ ಪೂರ್ತಿ ಒಣಗಿದರೆ ಸತ್ತಂತೆಯೇ. ಅದಕ್ಕೆ ಬಿತ್ತುವ ಕ್ರಮವನ್ನೇ ಸ್ವಲ್ಪ ಬದಲಿಸಬೇಕು. ಸಾಲು ತೆಗೆದು ಮೊದಲು ಸಾಲಿನೊಳಗೆ ನೀರು ಹರಿಸಿ. ಅದು ಇಂಗಿದ ಮೇಲೆ ಬೀಜ ಹಾಕಿ, ಒಣ ಪುಡಿಮಣ್ಣು ಮುಚ್ಚಿ ಅಂಗೈಯಿಂದ ಒತ್ತಿ. ಕೆಳಗೆ ತೇವ, ಮೇಲೆ ಒಣ ಪದರ. ಬಿತ್ತಿದ ಮೇಲೆ ಜೋರಾಗಿ ನೀರು ಸುರಿದರೆ ಮೇಲುಮಣ್ಣು ಹೆಪ್ಪಾಗಿ ಚಕ್ಕೆ ಕಟ್ಟುತ್ತದೆ, ಮೊಳಕೆಗೆ ಅದನ್ನು ಒಡೆದು ಬರಲು ಆಗುವುದಿಲ್ಲ.

ಬೀಜದ ದಪ್ಪದ ಎರಡು ಮೂರು ಪಟ್ಟು ಆಳ ಅನ್ನುವುದು ಸಾಮಾನ್ಯ ಲೆಕ್ಕ. ಬೀನ್ಸ್ 3 ಸೆಂಟಿಮೀಟರ್, ಸೌತೆ, ಬೆಂಡೆ 2, ಹರಿವೆಯನ್ನು ಮಣ್ಣಿನ ಮೇಲೆ ಎರಚಿ ಕೈಯಾಡಿಸಿದರೆ ಸಾಕು. ಬೆಂಡೆ ಬೀಜದ ಸಿಪ್ಪೆ ಗಟ್ಟಿ, ರಾತ್ರಿ ನೆನೆಸಿ ಬೆಳಗ್ಗೆ ಬಿತ್ತಿ. ಬೀನ್ಸ್ ಅನ್ನು ನೆನೆಸಬೇಡಿ. ಅದು ನೀರನ್ನು ಬೇಗ ಬೇಗ ಹೀರಿಕೊಂಡು ಒಳಗೇ ಸೀಳುತ್ತದೆ.

ಅಂತರ ಗಿಡ್ಡ ಬೀನ್ಸ್‌ಗೆ 10 ಸೆಂಟಿಮೀಟರ್, ಚಪ್ಪರಕ್ಕೆ ಹತ್ತಿಸುವ ಸೌತೆಗೆ 30, ಬೆಂಡೆಗೆ 30ರಿಂದ 45, ಕುಂಬಳಕ್ಕೆ ಒಂದು ಮೀಟರಿಗೂ ಹೆಚ್ಚು. ಸಿಹಿ ಜೋಳವನ್ನು ಉದ್ದ ಸಾಲಿನಲ್ಲಿ ಬಿತ್ತದೆ ಚೌಕದಲ್ಲಿ ಬಿತ್ತಿ. ಅದರ ಪರಾಗ ಗಾಳಿಯಲ್ಲಿ ಹಾರುವುದರಿಂದ ಒಂಟಿ ಸಾಲಾದರೆ ತೆನೆಯಲ್ಲಿ ಕಾಳು ಅರೆಬರೆ ಕಟ್ಟುತ್ತದೆ. ಒಂದು ಗುಣಿಗೆ ಎರಡು ಬೀಜ ಹಾಕಿ, ಎರಡೂ ಬಂದರೆ ಸೊರಗಿದ್ದನ್ನು ಕತ್ತರಿಯಿಂದ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರೂ ಅಲುಗುತ್ತದೆ.

ಮನೆಯಲ್ಲಿ ಹಳೆ ಬೀಜ ಇದ್ದರೆ ಪರೀಕ್ಷೆ ಮಾಡಿಕೊಳ್ಳಿ. ಹತ್ತು ಬೀಜವನ್ನು ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ ಬೆಚ್ಚಗಿನ ಜಾಗದಲ್ಲಿ ಇಡಿ. ವಾರ ಹತ್ತು ದಿನದಲ್ಲಿ ಏಳೆಂಟು ಮೊಳೆತರೆ ಧೈರ್ಯವಾಗಿ ಬಿತ್ತಬಹುದು. ನಾಲ್ಕೈದೇ ಬಂದರೆ ಎರಡರಷ್ಟು ಒತ್ತಾಗಿ ಬಿತ್ತಿ. ಈರುಳ್ಳಿ ಬೀಜ ಒಂದೆರಡು ವರ್ಷಕ್ಕೇ ಹೋಗುತ್ತದೆ, ಟೊಮೆಟೊ, ಸೌತೆ ಬೀಜ ನಾಲ್ಕೈದು ವರ್ಷ ಬಾಳುತ್ತದೆ.

ಮಡಿ ಇನ್ನೂ ಸಿದ್ಧವಾಗಿಲ್ಲ, ಬೀಜ ಕೈಯಲ್ಲಿದೆ ಅನ್ನುವವರಿಗೆ ನಡುವಿನ ದಾರಿ ಇದೆ. ಸೌತೆ, ಕುಂಬಳ, ಹೀರೆಯನ್ನು ತೂತು ಮಾಡಿದ ಪೇಪರ್ ಕಪ್ಪಿನಲ್ಲಿ ಬಿತ್ತಿ. ಎರಡು ಮೂರು ವಾರಕ್ಕೆ, ಮೊಳಕೆಯ ಮೊದಲ ಜೋಡಿ ಎಲೆಯ ಮೇಲೆ ನಿಜವಾದ ಎಲೆ ಎರಡು ಬರುತ್ತಿದ್ದಂತೆ, ಮಣ್ಣು ಸಮೇತ ಮಡಿಗೆ ಇಳಿಸಿ. ಅದಕ್ಕಿಂತ ದಿನ ತಳ್ಳಿದರೆ ಬೇರು ಹೆಣೆದುಕೊಂಡು ಮೇಲೆ ಹೇಳಿದ ಮುನಿಸು ಶುರು.

ನೀರು ಮತ್ತು ಹೊದಿಕೆ

ತಡವಾಗಿ ಹಾಕಿದ ತೋಟದ ಗಿಡಗಳು ಎಳೆಯದಾಗಿದ್ದಾಗಲೇ ಬಿಸಿಲು ಏರುತ್ತದೆ. ಬೇರು ಇನ್ನೂ ಮೇಲುಮಣ್ಣಿನಲ್ಲೇ ಇರುತ್ತದೆ. ಹಾಗಾಗಿ ಈ ತೋಟದಲ್ಲಿ ಗೊಬ್ಬರಕ್ಕಿಂತ ನೀರಿನ ಕಡೆ ಗಮನ ಜಾಸ್ತಿ ಬೇಕು.

ವಾರಕ್ಕೆ 25 ಮಿಲಿಮೀಟರ್ ಮಳೆಯಷ್ಟು ನೀರು ಅನ್ನುವುದು ಸಾಮಾನ್ಯ ಅಳತೆ. ಒಂದು ಚದರ ಮೀಟರಿಗೆ 25 ಲೀಟರ್ ಆಯ್ತು. ಸುಡುವ ವಾರದಲ್ಲಿ ಇನ್ನೂ ಹೆಚ್ಚು ಬೇಕು. ಬಿತ್ತಿದ ಸಾಲು ಮತ್ತು ಹೊಸ ಸಸಿಗೆ ಮೊದಲ ಹತ್ತು ದಿನ ದಿನಾ ಸ್ವಲ್ಪ ಸ್ವಲ್ಪ ಕೊಡಿ. ಬೇರು ಊರಿದ ಮೇಲೆ ಪದ್ಧತಿ ಬದಲಿಸಿ: ವಾರಕ್ಕೆ ಎರಡು ಮೂರು ಸಲ, ಆದರೆ ಪ್ರತಿ ಸಲ ಆಳಕ್ಕೆ ಇಳಿಯುವಷ್ಟು. ದಿನಾ ಸುಮ್ನೆ ಚಿಮುಕಿಸುತ್ತಾ ಹೋದರೆ ಬೇರು ಮೇಲೇ ಉಳಿದು, ನೀವು ಎರಡು ದಿನ ಊರಿಗೆ ಹೋದಾಗ ಗಿಡ ಬಾಡುತ್ತದೆ. ಬೆಳಗ್ಗೆ, ಬುಡಕ್ಕೆ, ಎಲೆ ನೆನೆಯದಂತೆ ಕೊಡಿ.

ಸಸಿ 10 ಸೆಂಟಿಮೀಟರ್ ದಾಟಿದ ಮೇಲೆ ಬುಡದ ಸುತ್ತ ಒಣ ಹುಲ್ಲು, ಒಣ ಎಲೆಯ ಹೊದಿಕೆ ಹಾಕಿ. ದಪ್ಪ 5ರಿಂದ 8 ಸೆಂಟಿಮೀಟರ್ ಇರಲಿ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ವಸಂತದ ಆರಂಭದಲ್ಲಿ ಹೊದಿಕೆ ಹಾಕಿದರೆ ಮಣ್ಣು ಬಿಸಿಯಾಗುವುದು ತಡವಾಗುತ್ತದೆ ಅಂತ ಕಾಯಬೇಕು. ನಿಮಗೆ ಆ ಕಾಯುವಿಕೆ ಇಲ್ಲ.

ಟೊಮೆಟೊ ಹಣ್ಣಿನ ತುದಿ ಕಪ್ಪಾಗಿ ತೊಗಲಿನಂತೆ ಒಣಗುವುದನ್ನು ನೋಡಿದರೆ ಜನ ಔಷಧಿ ಹುಡುಕುತ್ತಾರೆ, ಮೊಟ್ಟೆ ಸಿಪ್ಪೆ ಹೂಳುತ್ತಾರೆ. ಅದು ರೋಗವಲ್ಲ. ಹಣ್ಣಿಗೆ ಸುಣ್ಣದ ಅಂಶ ತಲುಪಿಲ್ಲ. ಹೆಚ್ಚಿನ ಮಣ್ಣಿನಲ್ಲಿ ಸುಣ್ಣ ಇದ್ದೇ ಇರುತ್ತದೆ, ಅದನ್ನು ಹಣ್ಣಿಗೆ ಸಾಗಿಸುವುದು ನೀರು. ಒಂದು ವಾರ ಒಣಗಿಸಿ ಒಂದು ದಿನ ಮುಳುಗಿಸಿದರೆ ಆ ಸಾಗಾಟ ಕೆಡುತ್ತದೆ. ನೀರನ್ನು ಒಂದೇ ಸಮ ಕೊಟ್ಟರೆ ಮುಂದಿನ ಗೊಂಚಲು ಸರಿಯಾಗಿ ಬರುತ್ತದೆ.

ಹೂವು ಬಂತು, ಕಾಯಿ ಬರಲಿಲ್ಲ

ಸೌತೆ, ಕುಂಬಳದ ಬಳ್ಳಿಯಲ್ಲಿ ಮೊದಲು ಬರುವುದು ಸಾಮಾನ್ಯವಾಗಿ ಗಂಡು ಹೂವು. ಅವು ಉದುರಿಯೇ ಉದುರುತ್ತವೆ. ವಾರ ಹತ್ತು ದಿನ ಬಿಟ್ಟು ಹಿಂದೆ ಪುಟಾಣಿ ಕಾಯಿ ಹೊತ್ತ ಹೆಣ್ಣು ಹೂವು ಬರುತ್ತದೆ. ಆ ಪುಟಾಣಿ ಕಾಯಿಯೂ ಹಳದಿಯಾಗಿ ಉದುರುತ್ತಿದ್ದರೆ ಜೇನ್ನೊಣ ಬರುತ್ತಿಲ್ಲ ಅಂತ ಅರ್ಥ. ಬೆಳಗ್ಗೆ ಬೇಗ ಗಂಡು ಹೂ ಕಿತ್ತು, ಎಸಳು ತೆಗೆದು, ಅದರ ಕೇಸರವನ್ನು ಹೆಣ್ಣು ಹೂವಿನ ನಡುವೆ ಸವರಿ.

ಟೊಮೆಟೊ ಹೂವು ಉದುರುವುದು ಬೇರೆ ಕಥೆ. ಹಗಲು 35 ಡಿಗ್ರಿ ಹತ್ತಿರ ಹೋಗಿ, ರಾತ್ರಿಯೂ 24ಕ್ಕಿಂತ ಇಳಿಯದಿದ್ದರೆ ಪರಾಗ ಕೆಲಸ ಮಾಡುವುದಿಲ್ಲ. ಆಗ ಗೊಬ್ಬರ ಹಾಕಿದರೆ ಎಲೆ ಮಾತ್ರ ದಟ್ಟವಾಗುತ್ತದೆ. ಮಧ್ಯಾಹ್ನಕ್ಕೆ ನೆರಳು ಬಲೆ ಕಟ್ಟಿ, ನೀರು ತಪ್ಪಿಸದೆ ಕಾಯಿರಿ. ಹವೆ ತಣಿದ ಮೇಲೆ ಮತ್ತೆ ಕಾಯಿ ಕಚ್ಚುತ್ತದೆ.

ಗೊಬ್ಬರವನ್ನು ನೆಟ್ಟ ಮೂರು ನಾಲ್ಕು ವಾರಕ್ಕೆ ಒಮ್ಮೆ, ಕಾಯಿ ಕಚ್ಚಿದಾಗ ಇನ್ನೊಮ್ಮೆ ಒಂದೆರಡು ಹಿಡಿ ಕೊಟ್ಟರೆ ಸಾಕು. ಬೀನ್ಸ್, ಅಲಸಂದೆಗೆ ಅದೂ ಬೇಡ. ಗಿಡಹೇನು ಬಂದರೆ ನೀರಿನ ಪೈಪಿನಿಂದ ಜೋರಾಗಿ ಹೊಡೆದು ಬೀಳಿಸಿ. ಮತ್ತೆ ಮತ್ತೆ ಬಂದರೆ ಲೀಟರ್ ನೀರಿಗೆ ಒಂದು ಚಮಚ ಮೆದು ಸೋಪಿನ ದ್ರವ ಬೆರೆಸಿ, ಒಂದು ಎಲೆಯ ಮೇಲೆ ಪರೀಕ್ಷಿಸಿ, ಸಂಜೆ ಸಿಂಪಡಿಸಿ.

ಕೊಯ್ಲು

ಬೆಂಡೆಯನ್ನು ಎರಡು ದಿನಕ್ಕೊಮ್ಮೆ ಕೊಯ್ಯಬೇಕು, ಮೂರನೇ ದಿನಕ್ಕೆ ನಾರು. ಸೌತೆ, ಬೀನ್ಸ್ ಎಳೆಯದಿದ್ದಾಗಲೇ ಕೀಳಿ. ಒಂದು ಸೌತೆ ಬಳ್ಳಿಯಲ್ಲೇ ಹಣ್ಣಾದರೂ ಗಿಡ ಬೀಜ ಮಾಡಿದೆ, ಕೆಲಸ ಮುಗಿಯಿತು ಅಂತ ಹೊಸ ಕಾಯಿ ಬಿಡುವುದನ್ನು ಕಡಿಮೆ ಮಾಡುತ್ತದೆ. ಹರಿವೆಯನ್ನು ಬೇರು ಸಮೇತ ಕೀಳದೆ ನಾಲ್ಕು ಬೆರಳು ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತದೆ.

ಚಳಿ ಬೇಗ ಇಳಿಯುವ ಕಡೆ ಟೊಮೆಟೊ ಗಿಡದಲ್ಲಿ ಹಸಿರು ಕಾಯಿ ಉಳಿದೇ ಉಳಿಯುತ್ತದೆ. ಹೆಪ್ಪುಗಟ್ಟುವ ಚಳಿಗೆ ಒಂದು ತಿಂಗಳು ಮೊದಲು ಪ್ರತಿ ಕುಡಿಯ ತುದಿ ಚಿವುಟಿ, ಹೊಸ ಹೂವು ತೆಗೆಯಿರಿ. ಗಿಡದ ಶಕ್ತಿ ಇರುವ ಕಾಯಿಗಳಿಗೆ ಹೋಗುತ್ತದೆ. ಆಮೇಲೂ ಉಳಿದ ಕಾಯಿಗಳಲ್ಲಿ ಪೂರ್ತಿ ಬೆಳೆದು ತಿಳಿ ಹಸಿರಾಗಿ ಹೊಳೆಯುವಂಥವನ್ನು ಆರಿಸಿ ಮನೆಯೊಳಗೆ ತನ್ನಿ. ಫ್ರಿಜ್ಜಿನಲ್ಲಿ ಇಡಬೇಡಿ, ಆ ತಂಪಿಗೆ ಅವು ಹಣ್ಣಾಗುವುದಿಲ್ಲ. ಒಂದಕ್ಕೊಂದು ತಾಗದಂತೆ ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿ, ಒಂದು ಮಾಗಿದ ಬಾಳೆಹಣ್ಣು ಜೊತೆಗಿಟ್ಟು ಮುಚ್ಚಿ, ಎರಡು ದಿನಕ್ಕೊಮ್ಮೆ ತೆರೆದು ಮೆತ್ತಗಾದದ್ದನ್ನು ತೆಗೆಯುತ್ತಿರಿ.